ಪ್ರಾರ್ಥನಾಗ್ರಂಥದ ಅಲಂಕಾರ ಮತ್ತು ಹೊದಿಕೆ

1799ರ ಮೇ 4ರಂದು ಶ್ರೀರಂಗಪಟ್ಟಣವು ಪತನವಾದಾಗ ಟೀಪೂ ಸುಲ್ತಾನನ ಗ್ರಂಥಭಂಡಾರದ ಸುಮಾರು 2000 ಹಸ್ತಪ್ರತಿಗಳು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಪ್ರಕಟಿಸಿದ ಇವುಗಳ ಸೂಚಿಯಲ್ಲಿ ಪ್ರಾರ್ಥನೆಗಳಿಗೆ ಪ್ರತ್ಯೇಕ ವಿಭಾಗವೇ ಉಂಟು. ಅದರಲ್ಲಿ 35 ಸಂಪುಟಗಳು.

ಇಸ್ಲಾಮೀ ಪ್ರಾರ್ಥನಾಗ್ರಂಥಗಳ ಪೈಕಿ ಅತ್ಯಂತ ಪ್ರಸಿದ್ಧವಾದುದು 15ನೆಯ ಶತಮಾನದ ಮೊರಾಕ್ಕೊದ ಸೂಫಿ ಅಲ್ ಜಝೂಲಿಯ ‘ದಲಾಇಲುಲ್ ಖೈರಾತ್’. ಪ್ರವಾದಿ ಮುಹಮ್ಮದರ ಮೇಲಣ ಆಶೀರ್ವಚನಗಳ ಈ ಸಂಕಲನವನ್ನು ವಾರದ ದಿನಗಳಿಗೆ ಹಂಚಿ ಪಠಿಸುವುದು ವಾಡಿಕೆ. ಇದರ ಸಾಲಂಕೃತ ಪ್ರತಿಗಳಲ್ಲಿ ಸುವರ್ಣಮಯ ಶೀರ್ಷಪಟ್ಟಿಕೆಯು ಪಾಠಭಾಗದ ಆರಂಭವನ್ನು ತೋರಿಸುತ್ತದೆ. ಮನುಷ್ಯರೂಪದ ಬದಲು ಮೆಕ್ಕಾ, ಮದೀನಾ ಕ್ಷೇತ್ರಗಳ ಚಿತ್ರಗಳಿರುತ್ತವೆ. ಮೂಡಬಿದಿರೆಯ ಧವಲಾ ತಾಡಪತ್ರಗಳಲ್ಲಾದರೋ ತೀರ್ಥಂಕರ, ಯಕ್ಷಯಕ್ಷಿಯರ ರೂಪಗಳೇ ಕಾಣುತ್ತವೆ. ರೀತಿ ಬೇರೆಯಾದರೂ ಪೂಜ್ಯವಸ್ತುವಿನಲ್ಲಿ ಓದುಗನ ಮನಸ್ಸನ್ನು ನೆಲೆಗೊಳಿಸುವ ಕಾರ್ಯ ಒಂದೇ.

ಶ್ರೀರಂಗಪಟ್ಟಣದ ಹೊದಿಕೆಗಳು ಇನ್ನೊಂದು ಸಂಗತಿಯನ್ನು ತಿಳಿಸುತ್ತವೆ. ಅಲ್ಲಿ ಮರುಕಟ್ಟಾದ ಸಂಪುಟಗಳ ಮೇಲೆ, ಸ್ಟುವರ್ಟ್ ವರ್ಣಿಸುವಂತೆ, ಮಧ್ಯದ ಪದಕದಲ್ಲಿ ದೇವರ, ಪ್ರವಾದಿಯ ಹಾಗೂ ಅವರ ಮನೆತನದವರ ಹೆಸರುಗಳು, ನಾಲ್ಕು ಮೂಲೆಗಳಲ್ಲಿ ನಾಲ್ವರು ಖಲೀಫರ ಹೆಸರುಗಳು, ಮೇಲೆ ದೇವದತ್ತ ಸರ್ಕಾರವೆಂಬ ಅರ್ಥದ ‘ಸರ್ಕಾರೆ ಖುದಾದಾದ್’, ಕೆಳಗೆ ದೇವರೇ ಸಾಕೆಂಬ ಅರ್ಥದ ‘ಅಲ್ಲಾಹ್ ಕಾಫಿ’ ಎಂಬ ಮುದ್ರೆಗಳಿದ್ದವು. ಆದರೆ ಇವುಗಳಲ್ಲಿ ಅನೇಕ ಗ್ರಂಥಗಳು ಬಿಜಾಪುರ, ಗೋಲ್ಕೊಂಡ ಮೊದಲಾದೆಡೆಗಳಿಂದ ಬಂದವು. ಆದುದರಿಂದ ಹೊದಿಕೆಯು ಹೇಳುವುದು ಒಡೆತನವನ್ನು; ಪ್ರತಿಯ ಹುಟ್ಟನ್ನಲ್ಲ. ಹುಟ್ಟಿಗೆ ಪುಷ್ಪಿಕೆ, ಲಿಪಿ, ಕಾಗದಗಳೇ ಪ್ರಮಾಣ.

ಜೀರ್ಣೋದ್ಧಾರದ ವೇಳೆ ಹಳೆಯ ಹೊದಿಕೆ, ಕಟ್ಟುಹಲಗೆಗಳನ್ನು ತೆಗೆದೆಸೆಯುವವರು ಈ ಭೇದವನ್ನು ಅರಿಯಬೇಕು. ಪಾಠವು ಉಳಿದರೂ ಗ್ರಂಥದ ಸಂಚಾರಚರಿತ್ರೆಯು ಹೊದಿಕೆಯೊಡನೆ ಅಳಿಯುತ್ತದೆ. ನಮ್ಮ ಭಂಡಾರಗಳ ತಾಡಪತ್ರಗಳಿಗೂ ಈ ಮಾತು ಸಲ್ಲುತ್ತದೆ.