ಸಾಲದ ಲೆಕ್ಕ ಓದಿಗೆ ಹೊಂದದು

ಗುರಿಯನ್ನು ಬರೆದಿಟ್ಟರೆ ಅರ್ಧ ಗೆದ್ದಂತೆ ಎನ್ನುವವರು ತಪ್ಪದೆ ಒಂದು ಕಥೆ ಹೇಳುತ್ತಾರೆ. 1953ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದವರ ಪೈಕಿ ಶೇ 3ರಷ್ಟು ಮಂದಿ ಮಾತ್ರ ತಮ್ಮ ಗುರಿಗಳನ್ನು ಕಾಗದದ ಮೇಲೆ ಬರೆದಿಟ್ಟಿದ್ದರಂತೆ. ಇಪ್ಪತ್ತು ವರ್ಷಗಳ ನಂತರ ನೋಡಿದರೆ ಅವರ ಆಸ್ತಿ ಉಳಿದ ಶೇ 97 ಮಂದಿಯ ಒಟ್ಟು ಆಸ್ತಿಯನ್ನೂ ಮೀರಿಸಿತ್ತಂತೆ. ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ, ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಇಂದಿಗೂ ಓಡಾಡುತ್ತಿರುವ ಈ ಕಥೆಗೆ ಒಂದೇ ಕೊರತೆ: ಅಂಥ ಅಧ್ಯಯನ ನಡೆದೇ ಇಲ್ಲ. 1996ರಲ್ಲಿ ‘ಫಾಸ್ಟ್ ಕಂಪನಿ’ ಪತ್ರಿಕೆ ಇದರ ಮೂಲ ಹುಡುಕಲು ಹೊರಟಾಗ ಒಬ್ಬ ಭಾಷಣಕಾರ ಇನ್ನೊಬ್ಬನ ಕಡೆ ಬೆರಳು ತೋರಿಸಿದ, ಅವನು ಮತ್ತೊಬ್ಬನ ಕಡೆ. ವಿಶ್ವವಿದ್ಯಾಲಯದ ಬಳಿಯೂ ದಾಖಲೆ ಇರಲಿಲ್ಲ.

ಹಾಗೆಂದು ಲೆಕ್ಕ ಇಡುವುದೇ ವ್ಯರ್ಥ ಎನ್ನುವಂತಿಲ್ಲ. 2016ರಲ್ಲಿ ಬೆಂಜಮಿನ್ ಹಾರ್ಕಿನ್ ಮತ್ತು ಸಂಗಡಿಗರು 138 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು; ಅವುಗಳಲ್ಲಿ ಪಾಲ್ಗೊಂಡವರು ಸುಮಾರು 20 ಸಾವಿರ ಮಂದಿ. ಎಷ್ಟು ದೂರ ಬಂದೆವೆಂದು ಆಗಾಗ ನೋಡಿಕೊಳ್ಳುವವರು ಗುರಿ ಮುಟ್ಟುವ ಸಂಭವ ಹೆಚ್ಚು. ನೋಡಿದ್ದನ್ನು ಬರೆದಿಟ್ಟರೆ ಪರಿಣಾಮ ಇನ್ನೂ ಗಟ್ಟಿ. ಅಂದರೆ ಕೆಲಸ ಮಾಡುವುದು ಜನವರಿಯಲ್ಲಿ ಒಮ್ಮೆ ಬರೆದ ಗುರಿಯಲ್ಲ, ಮತ್ತೆ ಮತ್ತೆ ನೋಡಿಕೊಳ್ಳುವ ಲೆಕ್ಕ. ಅದೇ ಸಮೀಕ್ಷೆಯಲ್ಲಿ ಅಷ್ಟಾಗಿ ಯಾರೂ ಎತ್ತಿ ಹೇಳದ ಇನ್ನೊಂದು ಮಾತಿದೆ. ನಡವಳಿಕೆಯನ್ನು ಅಳೆದವರಲ್ಲಿ ಬದಲಾದದ್ದು ನಡವಳಿಕೆ, ಫಲಿತಾಂಶವನ್ನು ಅಳೆದವರಲ್ಲಿ ಬದಲಾದದ್ದು ಫಲಿತಾಂಶ. ಯಾವುದರ ಮೇಲೆ ಕಣ್ಣಿಡುತ್ತೇವೋ ಅದೇ ಅಲುಗಾಡುತ್ತದೆ. ಹೀಗಿರುವಾಗ ಸಾಲ ತೀರಿಸುವುದು, ಹಣ ಉಳಿಸುವುದು, ಪುಸ್ತಕ ಓದುವುದು ಈ ಮೂರನ್ನೂ ಒಂದೇ ಡೈರಿಯ ಒಂದೇ ಪುಟದಲ್ಲಿ ಒಂದೇ ಬಗೆಯ ಟಿಕ್ ಹಾಕಿ ಅಳೆಯಬಹುದು ಎಂಬ ನಂಬಿಕೆಯೇ ಇಲ್ಲಿನ ಮೂಲ ತಪ್ಪು. ಮೂರೂ ಬೇರೆ ಬೇರೆ ಜಾತಿಯ ಕೆಲಸಗಳು.

ಸಾಲವನ್ನೇ ನೋಡೋಣ. ತಪ್ಪದೆ ಕಂತು ಕಟ್ಟುತ್ತಿದ್ದೇವೆ, ಆದ್ದರಿಂದ ಸಾಲ ತೀರುತ್ತಿದೆ ಎನ್ನುವುದು ಬಹುಪಾಲು ಮನೆಗಳ ಸಮಾಧಾನ. ಶೇ 8.5ರ ಬಡ್ಡಿಗೆ 20 ವರ್ಷದ ಅವಧಿಗೆ 20 ಲಕ್ಷ ರೂಪಾಯಿ ಮನೆ ಸಾಲ ಪಡೆದವರ ಇಎಂಐ ಸುಮಾರು 17,356 ರೂಪಾಯಿ. ಮೊದಲ ತಿಂಗಳು ಅದರಲ್ಲಿ 14,167 ರೂಪಾಯಿ ಬಡ್ಡಿಗೇ ಹೋಗುತ್ತದೆ. ವರ್ಷವಿಡೀ 2 ಲಕ್ಷ 8 ಸಾವಿರ ಕಟ್ಟಿದ ಮೇಲೂ ಅಸಲು ಇಳಿಯುವುದು 40 ಸಾವಿರದ ಆಸುಪಾಸು. ಕ್ರೆಡಿಟ್ ಕಾರ್ಡಿನಲ್ಲಿ ಚಿತ್ರ ಇನ್ನೂ ಕಠೋರ. ತಿಂಗಳಿಗೆ ಶೇ 3.5ರ ಲೆಕ್ಕದಲ್ಲಿ ಒಂದು ಲಕ್ಷ ಬಾಕಿಗೆ 3,500 ರೂಪಾಯಿ ಬಡ್ಡಿ, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಎಂದರೆ 630 ರೂಪಾಯಿ. ಐದು ಸಾವಿರ ಕಟ್ಟಿದವರ ಅಸಲು ಕರಗುವುದು ಬರೀ 870. ಡೈರಿಯಲ್ಲಿ ಮಾತ್ರ ಹನ್ನೆರಡು ತಿಂಗಳಿಗೆ ಹನ್ನೆರಡು ಟಿಕ್‌ಗಳು ಸಾಲಾಗಿ ನಿಂತಿರುತ್ತವೆ. ಒಡವೆ ಸಾಲವನ್ನು ವರ್ಷ ವರ್ಷ ಬಡ್ಡಿ ಕಟ್ಟಿ ನವೀಕರಿಸುವವರದೂ ಇದೇ ಕಥೆ: ಶಿಸ್ತಿಗೆ ಕೊರತೆಯಿಲ್ಲ, ಅಸಲು ಕದಲಿಲ್ಲ. ಆದ್ದರಿಂದ ಸಾಲದ ಪುಟದಲ್ಲಿ ಬರೆಯಬೇಕಾದ ಸಂಖ್ಯೆ ಒಂದೇ, ಈ ತಿಂಗಳ ಕೊನೆಗೆ ಉಳಿದ ಅಸಲು. ಈ ಸಂಖ್ಯೆಯನ್ನು ನೋಡಲು ಜನ ಅಂಜುತ್ತಾರೆ. ಷೇರುಪೇಟೆ ಕುಸಿದ ದಿನಗಳಲ್ಲಿ ಹೂಡಿಕೆದಾರರು ತಮ್ಮ ಖಾತೆಯನ್ನು ತೆರೆದು ನೋಡುವುದೇ ಕಡಿಮೆ ಎಂದು ಕಾರ್ಲ್‌ಸನ್, ಲೋವೆನ್‌ಸ್ಟೈನ್ ಮತ್ತು ಸೆಪ್ಪಿ 2009ರಲ್ಲಿ ತೋರಿಸಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನೋಡಲಿ ಬಿಡಲಿ, ಬಡ್ಡಿ ಓಡುತ್ತಲೇ ಇರುತ್ತದೆ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ದೊಡ್ಡ ಸಂಖ್ಯೆಯನ್ನೇ ದಿಟ್ಟಿಸುತ್ತ ಕೂತರೆ ಮನಸ್ಸು ಕುಗ್ಗುವುದಿಲ್ಲವೇ, ಸಣ್ಣ ಸಾಲವೊಂದನ್ನು ಪೂರ್ತಿ ತೀರಿಸಿದರೆ ಹುರುಪು ಬರುವುದಿಲ್ಲವೇ? ಬರುತ್ತದೆ. ಡೇವಿಡ್ ಗಾಲ್ ಮತ್ತು ಬ್ಲೇಕ್ ಮ್ಯಾಕ್‌ಶೇನ್ 2012ರಲ್ಲಿ ಅಮೆರಿಕದ ಸಾಲಗಾರರ ದಾಖಲೆಗಳನ್ನು ಪರಿಶೀಲಿಸಿದಾಗ, ಒಂದೊಂದೇ ಖಾತೆಯನ್ನು ಮುಚ್ಚುತ್ತ ಹೋದವರು ಪೂರ್ತಿ ಋಣಮುಕ್ತರಾಗುವ ಸಂಭವ ಹೆಚ್ಚೆಂದು ಕಂಡುಬಂತು. ಗಣಿತದ ಪ್ರಕಾರ ಹೆಚ್ಚು ಬಡ್ಡಿಯ ಸಾಲವೇ ಮೊದಲು ತೀರಬೇಕು. ಮನಸ್ಸಿನ ಪ್ರಕಾರ ಚಿಕ್ಕದು. ನನ್ನ ಅಭಿಪ್ರಾಯದಲ್ಲಿ ಬಡ್ಡಿ ದರಗಳು ಹತ್ತಿರ ಹತ್ತಿರ ಇದ್ದಾಗ ಮನಸ್ಸಿನ ಮಾತು ಕೇಳಬಹುದು. ಒಂದು ಕಡೆ ವರ್ಷಕ್ಕೆ ಶೇ 10ರ ಒಡವೆ ಸಾಲ, ಇನ್ನೊಂದು ಕಡೆ ಶೇ 42ರ ಕಾರ್ಡ್ ಬಾಕಿ ಇದ್ದಾಗ ಹುರುಪಿನ ಹೆಸರಿನಲ್ಲಿ ಕಾರ್ಡನ್ನು ಕೊನೆಗೆ ಇಟ್ಟುಕೊಳ್ಳುವುದು ದುಬಾರಿ ಹುರುಪು.

ಉಳಿತಾಯದ ವಿಷಯದಲ್ಲಿ ತಪ್ಪು ಕಲ್ಪನೆ ಹುಟ್ಟುವುದು ಕಾಲಂ ಬದಲಾದದ್ದು ಗೊತ್ತಾಗದೆ. ಚೀಟಿ ಹಾಕುವುದನ್ನು ಎಲ್ಲರೂ ಉಳಿತಾಯ ಎಂದೇ ಕರೆಯುತ್ತಾರೆ. ಚೀಟಿ ಎತ್ತುವ ತನಕ ಆ ಮಾತು ನಿಜ. ಕೂಗಿ ಎತ್ತಿದ ಮರುದಿನದಿಂದ ಅದೇ ಕಂತು, ಅದೇ ತಾರೀಖು, ಅದೇ ಮೊತ್ತ ಸಾಲ ತೀರಿಸುವ ಕಂತಾಗುತ್ತದೆ. ಪುಸ್ತಕದಲ್ಲಿ ಅದನ್ನು ಉಳಿತಾಯದ ಕಾಲಂನಲ್ಲೇ ಬರೆಯುತ್ತ ಹೋದವರು ತಮ್ಮನ್ನು ತಾವೇ ಮೋಸಗೊಳಿಸಿಕೊಳ್ಳುತ್ತಾರೆ. ಕಾರ್ಡಿನಲ್ಲಿ ಒಂದು ಲಕ್ಷ ಬಾಕಿ, ಬ್ಯಾಂಕಿನಲ್ಲಿ ಶೇ 7ರ ಒಂದು ಲಕ್ಷ ಠೇವಣಿ ಇಟ್ಟುಕೊಂಡವರ ಉಳಿತಾಯದ ಗುರಿಯೂ ಕಾಗದದ ಮೇಲೆ ಈಡೇರಿರುತ್ತದೆ. ವರ್ಷಕ್ಕೆ ಬರುವುದು 7 ಸಾವಿರ, ಹೋಗುವುದು 42 ಸಾವಿರ. ಕಷ್ಟಕಾಲಕ್ಕೆ ಕೈಯಲ್ಲಿ ಏನೂ ಬೇಡವೇ ಎಂದರೆ, ಬೇಕು. ಆಸ್ಪತ್ರೆಯ ಖರ್ಚಿಗೆ ಮತ್ತೆ ಕಾರ್ಡ್ ಉಜ್ಜದಿರಲು ಬೇಕಾದಷ್ಟು. ಅದಕ್ಕಿಂತ ಹೆಚ್ಚಿನದು ಸಾಲದ ಕಡೆ ಹೋಗಲಿ.

ಪ್ರತಿ ಖರ್ಚನ್ನೂ ಬರೆದಿಟ್ಟರೆ ಹಣ ತಾನಾಗಿ ಉಳಿಯುತ್ತದೆ ಎಂಬ ನಂಬಿಕೆಗೂ ಆಧಾರ ತೆಳು. ಉಳಿತಾಯಕ್ಕೆ ಬೇಕಾದದ್ದು ಪೆನ್ನಿಗಿಂತ ಹೆಚ್ಚಾಗಿ ಅಡ್ಡಗಟ್ಟೆ. ದಿಲೀಪ್ ಸೋಮನ್ ಮತ್ತು ಅಮರ್ ಚೀಮಾ ಭಾರತದ ಹಳ್ಳಿಗಾಡಿನ ಕಟ್ಟಡ ಕೂಲಿಕಾರರ ನಡುವೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂಲಿಯ ಒಂದು ಪಾಲನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಬೇರೆ ಇಡಲಾಯಿತು. ಅದನ್ನು ಎರಡು ಲಕೋಟೆಗಳಾಗಿ ಒಡೆದಿಟ್ಟಾಗ, ಲಕೋಟೆಯ ಮೇಲೆ ಅವರ ಮಕ್ಕಳ ಚಿತ್ರ ಇದ್ದಾಗ ಹೆಚ್ಚು ಹಣ ಉಳಿಯಿತು. ಅಮೆರಿಕದಲ್ಲಿ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ವಿವರಿಸಿದ ಯೋಜನೆಯೊಂದರಲ್ಲಿ ಸಂಬಳ ಹೆಚ್ಚಾದಾಗಲೆಲ್ಲ ಉಳಿತಾಯದ ಪಾಲು ತಾನಾಗಿ ಏರುವಂತೆ ನೌಕರರು ಮೊದಲೇ ಒಪ್ಪಿಗೆ ಕೊಟ್ಟಿದ್ದರು. ಅವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ 3.5ರಿಂದ ಶೇ 13.6ಕ್ಕೆ ಏರಿತು. ಎರಡೂ ಕಡೆ ಕೆಲಸ ಮಾಡಿದ್ದು ದಿನದ ಖರ್ಚಿನ ಲೆಕ್ಕವಲ್ಲ. ಹಣ ಖರ್ಚಾಗುವ ಮುನ್ನವೇ ಪಕ್ಕಕ್ಕೆ ಸರಿದಿತ್ತು, ಅಷ್ಟೇ. ಸಂಬಳದ ಮರುದಿನ ಆರ್‌ಡಿಗೆ ತಾನಾಗಿ ಹಣ ಹೋಗುವಂತೆ ಮಾಡಿಟ್ಟವರಿಗೆ ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡಿದರೆ ಸಾಕು.

ಓದಿನ ಪುಟಕ್ಕೆ ಬಂದಾಗ ಲೆಕ್ಕ ತಿರುಗಿ ಬೀಳುತ್ತದೆ. ವರ್ಷಕ್ಕೆ ಐವತ್ತು ಪುಸ್ತಕ ಎಂಬ ಗುರಿಯನ್ನು ಹಾಕಿಕೊಂಡವರ ಕೈ ಕಪಾಟಿನಲ್ಲಿ ತೆಳ್ಳನೆಯ ಪುಸ್ತಕಗಳ ಕಡೆಗೇ ಹೋಗುತ್ತದೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೂ ನೂರು ಪುಟದ ಕಿರುಹೊತ್ತಗೆಗೂ ಆ ಡೈರಿಯಲ್ಲಿ ಒಂದೇ ಅಂಕ. ಬೇಂದ್ರೆಯವರ ಒಂದೇ ಕವಿತೆಯನ್ನು ವಾರವಿಡೀ ಮೆಲುಕು ಹಾಕಿದವರ ಖಾತೆಯಲ್ಲಿ ಆ ವಾರ ಸೊನ್ನೆ. ಇದು ಅನ್ಯಾಯ ಮಾತ್ರವಲ್ಲ, ಹಾನಿಯೂ ಹೌದು. ಡ್ಯೂಕ್ ವಿಶ್ವವಿದ್ಯಾಲಯದ ಜೋರ್ಡಾನ್ ಎಟ್ಕಿನ್ 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬಣ್ಣ ಹಚ್ಚುವುದು, ನಡೆಯುವುದು, ಓದುವುದು ಇಂಥ ಹಿತವಾದ ಕೆಲಸಗಳನ್ನು ಅಳೆಯಲಾಯಿತು. ಅಳತೆ ಇದ್ದಾಗ ಜನ ಹೆಚ್ಚು ಮಾಡಿದರು, ಆದರೆ ಅದರ ಸುಖ ಇಳಿಯಿತು. ಆ ಕೆಲಸವನ್ನು ಮುಂದುವರಿಸುವ ಆಸೆಯೂ ಕುಗ್ಗಿತು. ಲೆಕ್ಕ ಹಿತವನ್ನು ದುಡಿಮೆಯಾಗಿಸಿತ್ತು. ಸಾಲ ತೀರಿಸುವುದರಲ್ಲಿ ಕೆಡಲು ಅಂಥ ಸುಖವೇ ಇಲ್ಲ, ಆದ್ದರಿಂದ ಅಲ್ಲಿ ಲೆಕ್ಕದಿಂದ ನಷ್ಟವಿಲ್ಲ. ಓದಿನಲ್ಲಿ ಆ ಸುಖವೇ ಬಂಡವಾಳ.

ಕೆಪಿಎಸ್‌ಸಿ ಪರೀಕ್ಷೆಗೆ ಓದುವವರಿಗೆ ಈ ಮಾತು ಅನ್ವಯಿಸದು. ಅವರ ಓದಿಗೆ ಫಲಿತಾಂಶವೇ ಗುರಿ, ಪುಟ ಎಣಿಸಲಿ. ಇನ್ನು, ಎಣಿಸದಿದ್ದರೆ ಪುಸ್ತಕ ಮುಟ್ಟುವುದೇ ಇಲ್ಲ ಎನ್ನುವವರಿದ್ದಾರೆ. ಅವರು ಪುಸ್ತಕದ ಸಂಖ್ಯೆ ಬಿಟ್ಟು, ರಾತ್ರಿ ಊಟದ ನಂತರ ಅರ್ಧ ಗಂಟೆ ಎಂಬಂಥ ಹೊತ್ತನ್ನು ಗುರುತು ಮಾಡಿಕೊಳ್ಳಬಹುದು, ರೂಢಿಯಾಗುವವರೆಗೆ. 21 ದಿನದಲ್ಲಿ ರೂಢಿಯಾಗುತ್ತದೆ ಎಂಬ ಮಾತು 1960ರಲ್ಲಿ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಬರೆದ ಪುಸ್ತಕದಿಂದ ಹಬ್ಬಿದ್ದು. ಅವರು ಹೇಳಿದ್ದು ಕನಿಷ್ಠ 21 ದಿನ, ಅದೂ ರೋಗಿಗಳು ಬದಲಾದ ಮುಖಕ್ಕೆ ಒಗ್ಗಿಕೊಳ್ಳುವ ಬಗ್ಗೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿದಾಗ ಸರಾಸರಿ ಬಂದದ್ದು 66 ದಿನ. ಕೆಲವರಿಗೆ 18 ದಿನ, ಕೆಲವರಿಗೆ ಎಂಟು ತಿಂಗಳೂ ಆಗಬಹುದೆಂದು ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಗಣನೀಯ ವ್ಯತ್ಯಾಸವಾಗಲಿಲ್ಲ. ರೂಢಿಯಾದ ಮೇಲೆ ಓದಿನ ಪುಟವನ್ನು ಮುಚ್ಚಿಬಿಡಬಹುದು. ಸಾಲದ ಪುಟವನ್ನು ಮಾತ್ರ ಕೊನೆಯ ಕಂತು ಕಟ್ಟಿದ ದಿನವೂ ಮುಚ್ಚಬಾರದು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಸಾಲ ಕೊಟ್ಟ ಸಂಸ್ಥೆ ಆಸ್ತಿಯ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು, ತನ್ನ ಕಡೆಯಿಂದ ತಡವಾದರೆ ದಿನಕ್ಕೆ 5 ಸಾವಿರ ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಆ ಕಾಗದಗಳು ಕೈಗೆ ಬಂದು, ಸಿಬಿಲ್ ವರದಿಯಲ್ಲಿ ಖಾತೆ ಮುಚ್ಚಿದೆ ಎಂದು ಕಂಡ ಮೇಲೆ ಅಡ್ಡಗೆರೆ ಎಳೆಯಬಹುದು.