ಹಸಿದ ತೋಳಕ್ಕೆ ಹೊಸ ಯಜಮಾನ

1999ರ ನವೆಂಬರ್‌ನಲ್ಲಿ ಜಪಾನಿನ ವಿಡಿಯೊ ಗೇಮ್ ಪಾರ್ಲರ್‌ಗಳಿಗೆ ಬಂದ ‘ಗಾರೋ: ಮಾರ್ಕ್ ಆಫ್ ದಿ ವುಲ್ವ್ಸ್’ ಎಂಬ ಕಾದಾಟದ ಆಟ ತನ್ನ ಕತೆಯನ್ನು ನಡುದಾರಿಯಲ್ಲೇ ನಿಲ್ಲಿಸಿತ್ತು. ಕಥಾನಾಯಕ ರಾಕ್ ಹೊವರ್ಡ್, ಸೌತ್ ಟೌನ್ ಎಂಬ ನಗರವನ್ನು ಆಳಿದ ಪಾತಕಿಯೊಬ್ಬನ ಮಗ. ಆ ಪಾತಕಿಯ ಅಂತ್ಯಕ್ಕೆ ಕಾರಣನಾದ ಟೆರ್ರಿ ಬೊಗಾರ್ಡ್‌ನೇ ಹುಡುಗನನ್ನು ಸಾಕಿ ಬೆಳೆಸಿದವನು. ತಾಯಿ ಬದುಕಿರಬಹುದೆಂಬ ಸುಳಿವು ಸೋದರಮಾವನಿಂದ ದೊರೆತಾಗ ರಾಕ್ ಸಾಕುತಂದೆಯನ್ನು ಬಿಟ್ಟು ಮಾವನ ಜೊತೆ ಉಳಿಯುತ್ತಾನೆ. ಮುಂದೇನಾಯಿತು? ಮಧ್ಯಂತರದಲ್ಲೇ ರೀಲು ಕಡಿದುಹೋದ ಸಿನಿಮಾದಂತೆ ಈ ಪ್ರಶ್ನೆ ಕಾಲು ಶತಮಾನ ಹಾಗೆಯೇ ಉಳಿಯಿತು. ಮುಂದಿನ ಕಂತು ತಯಾರಾಗುತ್ತಿದ್ದಾಗಲೇ, 2001ರಲ್ಲಿ, ಒಸಾಕಾದ ಎಸ್‌ಎನ್‌ಕೆ ಕಂಪನಿ ದಿವಾಳಿಯಾಯಿತು.

ಆ ಮುಂದಿನ ಕಂತು ‘ಫೇಟಲ್ ಫ್ಯೂರಿ: ಸಿಟಿ ಆಫ್ ದಿ ವುಲ್ವ್ಸ್’ ಎಂಬ ಹೆಸರಿನಲ್ಲಿ ಕೊನೆಗೂ ಬಂದದ್ದು 2025ರ ಏಪ್ರಿಲ್ 24ರಂದು. ಇಷ್ಟು ವರ್ಷ ಕಾದವರಿಗೆ ಅದು ಹಬ್ಬವೇ ಸರಿ. ಆದರೆ ಹಬ್ಬದೂಟದ ಪಂಕ್ತಿಯಲ್ಲಿ ಯಾರೂ ನಿರೀಕ್ಷಿಸದ ಅತಿಥಿಯೊಬ್ಬರು ಕುಳಿತಿದ್ದರು: ಫುಟ್‌ಬಾಲ್ ತಾರೆ ಕ್ರಿಸ್ಟಿಯಾನೊ ರೊನಾಲ್ಡೊ.

ಅವರು ಅಲ್ಲಿಗೆ ಬಂದದ್ದೇಕೆಂದು ತಿಳಿಯಲು ತುಸು ಹಿಂದೆ ಹೋಗಬೇಕು. 1987ರಲ್ಲಿ ಕ್ಯಾಪ್‌ಕಾಮ್ ಕಂಪನಿಗಾಗಿ ಮೊದಲ ‘ಸ್ಟ್ರೀಟ್ ಫೈಟರ್’ ರೂಪಿಸಿದ ತಕಾಶಿ ನಿಶಿಯಾಮ ಬಳಿಕ ಎಸ್‌ಎನ್‌ಕೆ ಸೇರಿ, 1991ರಲ್ಲಿ ‘ಫೇಟಲ್ ಫ್ಯೂರಿ’ ತಂದರು. ಅದರ ಜಪಾನಿ ಹೆಸರಿನ ಅರ್ಥ ‘ಹಸಿದ ತೋಳದ ದಂತಕತೆ’. ವಿಡಿಯೊ ಆಟವೆಂದರೆ ಹುಡುಗರ ಕಾಲಹರಣವೆಂದು ಮೂಗು ಮುರಿಯುವವರೂ ಸರಣಿಯ 1999ರ ಕಂತನ್ನು ಒಮ್ಮೆ ನೋಡಬೇಕು. ಪ್ರತಿಸ್ಪರ್ಧಿಗಳು ಮೂರು ಆಯಾಮದ ಚಿತ್ರಗಳತ್ತ ಓಡುತ್ತಿದ್ದ ಕಾಲದಲ್ಲಿ ಎಸ್‌ಎನ್‌ಕೆಯ ಕಲಾವಿದರು ಪ್ರತಿ ಚಲನೆಯನ್ನೂ ಚುಕ್ಕೆ ಚುಕ್ಕೆಯಾಗಿ ಕೈಯಲ್ಲೇ ಬಿಡಿಸಿದ್ದರು. ಹೊಡೆತ ತಾಗುವ ಕೊನೆಯ ಕ್ಷಣದಲ್ಲಿ ತಡೆದರೆ ಕಳೆದುಕೊಂಡ ಶಕ್ತಿ ಒಂದಿಷ್ಟು ಮರಳಿ ಬರುವಂತಹ ನಿಯಮವೂ ಅದರಲ್ಲಿತ್ತು. ಬೇಗ ಹೆದರಿ ಕೈ ಅಡ್ಡ ಹಿಡಿದವನಿಗೆ ಆ ಲಾಭವಿಲ್ಲ. ಆಟದ ಇಡೀ ಮನೋಧರ್ಮ ಈ ಒಂದು ನಿಯಮದಲ್ಲಿ ಅಡಗಿದೆ ಎನ್ನಬಹುದು.

ಇಂತಹ ಕಸುಬುಗಾರಿಕೆಗೆ ಮಾಲೀಕರ ಭಾಗ್ಯವಿರಲಿಲ್ಲ. 2000ದಲ್ಲಿ ಎಸ್‌ಎನ್‌ಕೆಯನ್ನು ವಶಕ್ಕೆ ಪಡೆದ ಅರೂಝೆ, ಜೂಜಿನ ಯಂತ್ರಗಳನ್ನು ತಯಾರಿಸುವ ಸಂಸ್ಥೆ. ಆಟದ ಪಾತ್ರಗಳು ಅದಕ್ಕೆ ತನ್ನ ಯಂತ್ರಗಳ ಮೇಲೆ ಅಂಟಿಸುವ ಮುಖಗಳಾಗಿ ಕಂಡವು. ದಿವಾಳಿಯ ನಂತರ ಹಕ್ಕುಗಳನ್ನು ಕೊಂಡದ್ದು ಪ್ಲೇಮೋರ್. 2015ರಲ್ಲಿ ಚೀನಾದ ಹೂಡಿಕೆದಾರರು ಬಂದರು. 2020ರಲ್ಲಿ ಮೂರನೆಯ ಒಂದು ಭಾಗ ಷೇರುಗಳನ್ನು ಕೊಂಡ ಸೌದಿ ಅರೇಬಿಯದ ಮಿಸ್ಕ್ ಪ್ರತಿಷ್ಠಾನದ ಪಾಲು 2022ರ ಹೊತ್ತಿಗೆ ಶೇಕಡ 96ಕ್ಕೆ ಏರಿತು. ಪ್ರತಿಷ್ಠಾನದ ಸ್ಥಾಪಕರು ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. ರೊನಾಲ್ಡೊ 2023ರಿಂದ ರಿಯಾದ್‌ನ ಅಲ್ ನಸ್ರ್ ತಂಡದ ಆಟಗಾರರಾದದ್ದನ್ನು ನೆನೆದರೆ ಸೌತ್ ಟೌನ್‌ನಲ್ಲಿ ಅವರು ಚೆಂಡು ಒದೆಯುತ್ತ ಕಾದಾಡುವುದು ಅಷ್ಟೇನೂ ವಿಚಿತ್ರವಲ್ಲ. 2025ರಲ್ಲಿ ರಿಯಾದ್‌ನಲ್ಲಿ ನಡೆದ ಇ–ಸ್ಪೋರ್ಟ್ಸ್ ವಿಶ್ವಕಪ್‌ನಲ್ಲಿ ಈ ಆಟಕ್ಕೆ ಹತ್ತು ಲಕ್ಷ ಡಾಲರ್ ಬಹುಮಾನದ ಸ್ಪರ್ಧೆಯೂ ನಡೆಯಿತು.

ಪತ್ರಕರ್ತ ಜಮಾಲ್ ಖಶೋಗ್ಗಿ 2018ರಲ್ಲಿ ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟ್‌ನೊಳಗೆ ಕೊಲೆಯಾದರು. ಆ ಕಾರ್ಯಾಚರಣೆಗೆ ಯುವರಾಜರ ಸಮ್ಮತಿಯಿತ್ತೆಂದು ಅಮೆರಿಕದ ಗುಪ್ತಚರ ವಿಭಾಗ 2021ರಲ್ಲಿ ಪ್ರಕಟಿಸಿದ ವರದಿ ಹೇಳಿತು. ಸೌದಿ ಸರ್ಕಾರ ಅದನ್ನು ತಳ್ಳಿಹಾಕಿತು. ಫುಟ್‌ಬಾಲ್, ಗಾಲ್ಫ್, ಕುಸ್ತಿಗಳ ಮೇಲೆ ಸುರಿದ ತೈಲದ ಹಣ ಈಗ ಬಾಲ್ಯದ ನೆನಪುಗಳನ್ನೂ ಖರೀದಿಸುತ್ತಿದೆ ಎಂಬ ಆಕ್ಷೇಪ ಆಟಗಾರರ ನಡುವಿನಿಂದಲೇ ಬಂತು. ಕೆಲವರು ಆಟ ಕೊಳ್ಳದಿರಲು ತೀರ್ಮಾನಿಸಿದರು. ಅವರನ್ನು ಅತಿರೇಕದವರೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ.

ಆದರೂ ಒಂದು ಮಾತನ್ನು ಹೇಳಲೇಬೇಕು. ಈ ಆಟದ ನಿರ್ಮಾಣದ ಹೊಣೆ ಹೊತ್ತ ಯಸುಯುಕಿ ಓಡಾ, 1999ರ ಆಟದ ತಂಡದಲ್ಲಿ ಇದ್ದವರೇ. ಮುಳುಗುತ್ತಿದ್ದ ಎಸ್‌ಎನ್‌ಕೆಯಿಂದ ಹೊರಬಂದು, ನಿಶಿಯಾಮ ಕಟ್ಟಿದ ಡಿಂಪ್ಸ್ ಸಂಸ್ಥೆಯಲ್ಲಿ ‘ಸ್ಟ್ರೀಟ್ ಫೈಟರ್ 4’ಕ್ಕಾಗಿ ದುಡಿದು, 2014ರಲ್ಲಿ ಹಳೆಯ ಮನೆಗೆ ಮರಳಿದರು. ಹಳೆಯ ಕೊನೆಕ್ಷಣದ ತಡೆಯನ್ನು ಉಳಿಸಿಕೊಂಡೇ ಅವರ ತಂಡ ಹೊಸದೊಂದು ನಿಯಮ ಸೇರಿಸಿತು: ಬಿರುಸಿನ ಪಟ್ಟುಗಳನ್ನು ಹಾಕಿದಷ್ಟೂ ಒಂದು ಮಾಪಕ ಏರುತ್ತದೆ, ಅದು ತುಂಬಿದರೆ ಕಾವೇರಿದ ಎಂಜಿನ್ನಿನಂತೆ ಆಟಗಾರ ಕೆಲಕಾಲ ಆ ಪಟ್ಟುಗಳನ್ನೇ ಕಳೆದುಕೊಳ್ಳುತ್ತಾನೆ. ಅಂದು ಕಾಯುವವನಿಗೆ ಬಹುಮಾನ, ಇಂದು ಆತುರಪಡುವವನಿಗೆ ದಂಡ. ಒಂದೇ ಮನಸ್ಸು ಎರಡು ಕಾಲದಲ್ಲಿ ಆಡಿದ ಮಾತಿದು. ಹಣ ಕೊಟ್ಟವರ ಆದೇಶದಿಂದ ಇದು ಹುಟ್ಟಿರಲಾರದು. ಆ ಹಣ ಇಲ್ಲದಿದ್ದರೆ ಹುಟ್ಟುತ್ತಿತ್ತೆ ಎಂಬ ಪ್ರಶ್ನೆಗೆ ಮಾತ್ರ ಧೈರ್ಯವಾಗಿ ಹೌದು ಎನ್ನಲಾರೆ. ಹಿಂದಿನ ಯಜಮಾನರ ಅವಧಿಗಳಲ್ಲಿ ರಾಕ್ ಇನ್ನಿತರ ಆಟಗಳಲ್ಲಿ ಅತಿಥಿಯಾಗಿ ಬಂದುಹೋದನೇ ಹೊರತು ಅವನ ಕತೆ ಒಂದು ಹೆಜ್ಜೆಯೂ ಮುಂದೆ ಸಾಗಿರಲಿಲ್ಲ.

ಈಗ ಸಾಗಿದೆ. ಆಟ ತೆರೆದಾಗ ಕಾಣುವ ಪಾತ್ರಗಳ ಪರದೆಯಲ್ಲಿ ತಾಯಿಯನ್ನು ಅರಸುತ್ತಿರುವ ಹುಡುಗನೂ ಇದ್ದಾನೆ, ರಿಯಾದ್‌ನ ತಾರೆಯೂ ಇದ್ದಾರೆ. ಆರಿಸಿಕೊಳ್ಳಲು ಆಟಗಾರನಿಗೆ ಕೊಡುವ ಸಮಯ ಕೆಲವೇ ಸೆಕೆಂಡು.