ಮಿಂಚಂಚೆಗೂ ಬೇಕು ಒಂದು ಮೊರ

ಕಣದಲ್ಲಿ ರಾಗಿ ತೂರುವುದನ್ನು ನಿಮ್ಮ ಅಜ್ಜ, ಅಜ್ಜಿ ಚೆನ್ನಾಗಿ ಬಲ್ಲರು. ಗಾಳಿ ಬೀಸುವ ದಿಕ್ಕು ನೋಡಿ, ಮೊರ ಎತ್ತಿ ಹಿಡಿದು, ನಿಧಾನವಾಗಿ ಸುರಿಯಬೇಕು. ಗಟ್ಟಿ ಕಾಳು ಕಾಲ ಬಳಿ ಬೀಳುತ್ತದೆ, ಜೊಳ್ಳು ದೂರ ಹಾರುತ್ತದೆ. ಗಾಳಿ ಸಾಲದಿದ್ದರೆ ರಾಶಿಯಲ್ಲಿ ಹೊಟ್ಟು ಉಳಿಯುತ್ತದೆ. ಗಾಳಿ ಜೋರಾದರೆ ಒಳ್ಳೆಯ ಕಾಳೂ ಹಾರಿಹೋಗುತ್ತದೆ!

ಇಂಥದೇ ಮೊರ ಇ-ಮೇಲ್‌ಗೂ ಇದೆ. ಅದರ ಹೆಸರು ‘ಸ್ಪ್ಯಾಮ್ ಫಿಲ್ಟರ್’. ನಾವು ಕೇಳದೆಯೇ ಬಂದು ಬೀಳುವ ಜಾಹೀರಾತು, ಲಾಟರಿ ಆಸೆ, ಮೋಸದ ಪತ್ರಗಳೇ ಸ್ಪ್ಯಾಮ್.

ಡಬ್ಬಿ ಮಾಂಸದ ಹೆಸರು

ಮೊದಲ ಸ್ಪ್ಯಾಮ್ ಹೊರಟಿದ್ದು 1978ರ ಮೇ 3ರಂದು, ಅಮೆರಿಕದಲ್ಲಿ. ಆಗ ಇಂಟರ್‌ನೆಟ್ ಇರಲಿಲ್ಲ. ಅದರ ಪೂರ್ವಜ ‘ಆರ್ಪಾನೆಟ್’ ಇತ್ತು. ಗ್ಯಾರಿ ಥರ್ಕ್ ಎಂಬ ಕಂಪ್ಯೂಟರ್ ಮಾರಾಟಗಾರ ತಮ್ಮ ಕಂಪನಿಯ ಹೊಸ ಯಂತ್ರಗಳ ಜಾಹೀರಾತನ್ನು ಸುಮಾರು 400 ಜನರಿಗೆ ಒಂದೇ ಏಟಿಗೆ ಕಳಿಸಿದರು. ಪತ್ರ ಪಡೆದ ಹಲವರು ಸಿಟ್ಟಾದರು, ಕೆಲವರು ಯಂತ್ರ ಕೊಂಡರು! ಕಾಗದದ ಪತ್ರಕ್ಕಾದರೆ ಒಂದೊಂದಕ್ಕೂ ಅಂಚೆಚೀಟಿ ಬೇಕು. ಇ-ಮೇಲ್‌ಗೆ ನಾಲ್ಕು ನೂರಾದರೂ, ನಾಲ್ಕು ಕೋಟಿಯಾದರೂ ಹೆಚ್ಚಿನ ಖರ್ಚಿಲ್ಲ. ಸ್ಪ್ಯಾಮ್ ಬೆಳೆದ ಗುಟ್ಟು ಇದೇ.

‘ಸ್ಪ್ಯಾಮ್’ ಅಂದರೆ ಅಮೆರಿಕದಲ್ಲಿ 1937ರಿಂದ ಮಾರಾಟವಾಗುತ್ತಿರುವ ಡಬ್ಬಿ ಮಾಂಸ. 1970ರಲ್ಲಿ ಬ್ರಿಟನ್ನಿನ ‘ಮಾಂಟಿ ಪೈಥಾನ್’ ಹಾಸ್ಯ ತಂಡ ಟಿ.ವಿ.ಯಲ್ಲಿ ಒಂದು ಪ್ರಹಸನ ಮಾಡಿತು. ಹೋಟೆಲಿನಲ್ಲಿ ಯಾವ ತಿಂಡಿ ಕೇಳಿದರೂ ಅದರಲ್ಲಿ ಸ್ಪ್ಯಾಮ್! ಬೇಡವೆಂದರೂ ಬಡಿಸುವುದರಿಂದ ಈ ಪತ್ರಗಳಿಗೂ ಅದೇ ಹೆಸರು ಅಂಟಿಕೊಂಡಿತು.

ಬಾಗಿಲಲ್ಲೇ ವಿಚಾರಣೆ

ಹಾಸನ ಜಿಲ್ಲೆ ಆಲೂಗಡ್ಡೆಗೆ ಹೆಸರುವಾಸಿ. ಬಿತ್ತನೆ ಗಡ್ಡೆ ದೂರದ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬರುತ್ತದೆ. ಹಾಸನ ತಾಲ್ಲೂಕಿನ ದುದ್ದದಲ್ಲಿ ಬಿತ್ತನೆ ಆಲೂಗಡ್ಡೆ ಮಾರುವ ಒಂದು ಅಂಗಡಿ ಇದೆ ಎಂದು ಕಲ್ಪಿಸಿಕೊಳ್ಳಿ. ಅಂಗಡಿಯ ಹೆಸರಿನಲ್ಲೇ ಇ-ಮೇಲ್ ವಿಳಾಸವಿದೆ. ಬಂದ ಪತ್ರಗಳನ್ನೆಲ್ಲ ಮೊದಲು ತೆಗೆದುಕೊಳ್ಳುವ ಕಂಪ್ಯೂಟರಿಗೆ ‘ಸರ್ವರ್’ ಎನ್ನುತ್ತಾರೆ. ಅದು ಅಂಗಡಿಯ ಸ್ವಂತ ಅಂಚೆ ಕಚೇರಿ ಇದ್ದಂತೆ. ಪತ್ರ ಒಳಗೆ ಬರುವ ಮೊದಲೇ ಅದು ಕೆಲವು ಪ್ರಶ್ನೆ ಕೇಳುತ್ತದೆ.

ಈ ಪತ್ರ ಕಳಿಸಿದ ಕಂಪ್ಯೂಟರ್ ಕಪ್ಪುಪಟ್ಟಿಯಲ್ಲಿದೆಯೇ? ಬ್ಯಾಂಕಿನಿಂದ ಬಂತು ಎನ್ನುತ್ತಿದೆಯಲ್ಲ, ಬ್ಯಾಂಕು ತನ್ನದೆಂದು ಪ್ರಕಟಿಸಿರುವ ಸರ್ವರ್‌ಗಳ ಪಟ್ಟಿಯಲ್ಲಿ ಇದು ಇದೆಯೇ? ಈ ಎರಡನೆಯ ತಪಾಸಣೆಯ ಹೆಸರು ‘ಎಸ್‌ಪಿಎಫ್’. ಪತ್ರದ ಮೇಲಿನ ಗುಪ್ತಲಿಪಿಯ ಮುದ್ರೆ ಸರಿಯಿದೆಯೇ? ಇದು ‘ಡಿಕೆಐಎಂ’. ಹಿಂದೆ ಮುಖ್ಯ ಕಾಗದಗಳಿಗೆ ಅರಗಿನ ಮುದ್ರೆ ಒತ್ತುತ್ತಿದ್ದರಲ್ಲ, ಹಾಗೆ. ದಾರಿಯಲ್ಲಿ ಯಾರಾದರೂ ಪತ್ರ ತಿದ್ದಿದ್ದರೆ ಈ ಮುದ್ರೆ ಹೊಂದುವುದಿಲ್ಲ.

2003ರಲ್ಲಿ ಬಂದ ಇನ್ನೊಂದು ಉಪಾಯ ಬಲು ಮಜವಾದದ್ದು. ಗುರುತಿಲ್ಲದ ಕಡೆಯಿಂದ ಪತ್ರ ಬಂದರೆ ಸರ್ವರ್ ‘ಈಗ ಆಗದು, ಸ್ವಲ್ಪ ಹೊತ್ತು ಬಿಟ್ಟು ಬಾ’ ಎನ್ನುತ್ತದೆ. ನಿಜವಾದ ಸರ್ವರ್ ತಾಳ್ಮೆಯಿಂದ ಮತ್ತೆ ಬರುತ್ತದೆ. ಲಕ್ಷಗಟ್ಟಲೆ ಪತ್ರ ಎರಚುವ ಅವಸರದಲ್ಲಿದ್ದ ಎಷ್ಟೋ ಸ್ಪ್ಯಾಮ್ ಯಂತ್ರಗಳು ಮತ್ತೆ ಬರುತ್ತಲೇ ಇರಲಿಲ್ಲ!

ದುದ್ದದ ಹೆಸರು ಕಾಪಾಡಿತು

ಬಾಗಿಲು ದಾಟಿದ ಪತ್ರದ ಪದಗಳನ್ನು ಫಿಲ್ಟರ್ ತೂಗಿ ನೋಡುತ್ತದೆ. ಈ ಲೆಕ್ಕದ ಮೂಲಸೂತ್ರ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರದು. ಅವರು ತೀರಿಕೊಂಡ ಮೇಲೆ, 1763ರಲ್ಲಿ, ಅದು ಅಚ್ಚಾಯಿತು. ಮಕ್ಕಳೇ, ನೀವೂ ಈ ಲೆಕ್ಕ ಮಾಡಬಹುದು.

ಅಂಗಡಿಯ 100 ಸ್ಪ್ಯಾಮ್ ಪತ್ರ, 100 ಒಳ್ಳೆಯ ಪತ್ರ ತೆಗೆದುಕೊಂಡೆವು ಎನ್ನಿ. ‘ಬಹುಮಾನ’ ಎಂಬ ಪದ 90 ಸ್ಪ್ಯಾಮ್‌ಗಳಲ್ಲಿದೆ, 1 ಒಳ್ಳೆಯ ಪತ್ರದಲ್ಲಿದೆ. ‘ಆಲೂಗಡ್ಡೆ’ 2 ಸ್ಪ್ಯಾಮ್, 60 ಒಳ್ಳೆಯ ಪತ್ರಗಳಲ್ಲಿದೆ. ‘ದುದ್ದ’ 1 ಸ್ಪ್ಯಾಮ್, 20 ಒಳ್ಳೆಯ ಪತ್ರಗಳಲ್ಲಿದೆ.

ಈಗ ಒಂದು ಹೊಸ ಪತ್ರ ಬಂತು. ಅದರಲ್ಲಿ ‘ಬಹುಮಾನ’, ‘ಆಲೂಗಡ್ಡೆ’ ಎರಡೂ ಇವೆ. ಗುಣಿಸಿ: ಸ್ಪ್ಯಾಮ್ ಕಡೆ 90 × 2 = 180. ಒಳ್ಳೆಯದರ ಕಡೆ 1 × 60 = 60. ತಕ್ಕಡಿ ಸ್ಪ್ಯಾಮ್ ಕಡೆಗೇ ವಾಲಿತು. ಅದೇ ಪತ್ರದಲ್ಲಿ ‘ದುದ್ದ’ ಎಂಬ ಪದವೂ ಇದ್ದರೆ? ಸ್ಪ್ಯಾಮ್ ಕಡೆ 180 × 1 = 180. ಒಳ್ಳೆಯದರ ಕಡೆ 60 × 20 = 1200! ಪತ್ರ ಉಳಿಯಿತು. ಅದು ಆಲೂಗಡ್ಡೆ ಬೆಳೆಯಲ್ಲಿ ಬಹುಮಾನ ಪಡೆದ ದುದ್ದದ ರೈತರೊಬ್ಬರ ಪತ್ರವೇ ಇರಬಹುದು. ಲೋಕಕ್ಕೆಲ್ಲ ಒಂದೇ ಪತ್ರ ಎರಚುವವನಿಗೆ ನಮ್ಮ ಊರಿನ ಹೆಸರು ಗೊತ್ತಿರುವುದಿಲ್ಲವಲ್ಲ!

ಕಾಳು ಹಾರಿಹೋದರೆ

ಫಿಲ್ಟರ್ ಎರಡು ಬಗೆಯಲ್ಲಿ ತಪ್ಪುತ್ತದೆ. ಜೊಳ್ಳು ಒಳಗೆ ಬರುವುದು ಒಂದು, ಕಾಳು ಹೊರಗೆ ಹೋಗುವುದು ಇನ್ನೊಂದು. ಯಾವುದು ದೊಡ್ಡ ನಷ್ಟ? ಜೊಳ್ಳು ಕಣ್ಣಿಗೆ ಬಿದ್ದರೆ ಅಳಿಸಿದರಾಯಿತು. ಆದರೆ ‘ಲಾರಿ ನಾಳೆ ಹೊರಡುತ್ತದೆ, ಇಂದೇ ಒಪ್ಪಿಗೆ ತಿಳಿಸಿ’ ಎಂಬ ಜಲಂಧರ್‌ನ ಪತ್ರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಕೂತುಬಿಟ್ಟರೆ? ಗಡ್ಡೆ ಬರುವುದು ತಡವಾಗುತ್ತದೆ. ಮುಂಗಾರು ಮಳೆ ಯಾರಿಗೂ ಕಾಯುವುದಿಲ್ಲ. ಆದ್ದರಿಂದಲೇ ಅನುಮಾನದ ಪತ್ರವನ್ನು ಕೂಡಲೇ ಎಸೆಯದೆ ಬೇರೆ ಪೆಟ್ಟಿಗೆಯಲ್ಲಿ ಇಡುವುದು ಒಳ್ಳೆಯ ಪದ್ಧತಿ. ಆ ಪೆಟ್ಟಿಗೆಯನ್ನು ಯಾರಾದರೂ ದಿನಕ್ಕೊಮ್ಮೆ ಕೇರಿ ನೋಡಬೇಕು. ‘ಇದು ಸ್ಪ್ಯಾಮ್ ಅಲ್ಲ’ ಎಂದು ಒತ್ತಿದಾಗಲೆಲ್ಲ ಪದಗಳ ಲೆಕ್ಕ ಬದಲಾಗುತ್ತದೆ, ಫಿಲ್ಟರ್ ಪಾಠ ಕಲಿಯುತ್ತದೆ.

ಊರಿನ ಹೆಸರು ಬಲ್ಲ ಕಳ್ಳ

ಇಷ್ಟಾದರೂ ಒಬ್ಬ ಉಳಿಯುತ್ತಾನೆ. ಅವನು ಸಾವಿರ ಪತ್ರ ಕಳಿಸುವುದಿಲ್ಲ, ಒಂದೇ ಕಳಿಸುತ್ತಾನೆ. ಅದರಲ್ಲಿ ದುದ್ದ ಇದೆ, ಆಲೂಗಡ್ಡೆ ಇದೆ, ಬೀಜ ಕಳಿಸುವವರ ಹೆಸರೂ ಇದೆ. ಕೊನೆಗೆ ಒಂದೇ ಸಾಲು: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸ ಖಾತೆಗೆ ಹಾಕಿ.’ ಪದಗಳೆಲ್ಲ ಒಳ್ಳೆಯವೇ, ಲೆಕ್ಕದಲ್ಲಿ ಪಾಸು! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಯಂತ್ರಕ್ಕೆ ತಿಳಿಯದು, ಅಜ್ಜನಿಗೆ ತಿಳಿದಿದೆ. ವರ್ಷಗಟ್ಟಲೆ ವ್ಯವಹಾರ ಮಾಡಿದ ಹಿರಿಯರು ‘ಒಂದು ಫೋನ್ ಮಾಡಿ ಕೇಳು’ ಎನ್ನುತ್ತಾರೆ. ಆ ಒಂದು ಕರೆ ಇಡೀ ಬೆಳೆಯ ಹಣವನ್ನು ಉಳಿಸಬಲ್ಲದು.

ಅಜ್ಜ–ಮೊಮ್ಮಕ್ಕಳು ಕೂಡಿ ಮಾಡಿ

• ವಾರಕ್ಕೊಮ್ಮೆ ಮನೆಯ ಸ್ಪ್ಯಾಮ್ ಪೆಟ್ಟಿಗೆ ತೆರೆದು ನೋಡಿ. ಮೊಮ್ಮಕ್ಕಳು ಓದಲಿ, ಹಿರಿಯರು ತೀರ್ಪು ಹೇಳಲಿ. ಅಲ್ಲಿರುವ ಲಿಂಕ್ ಮಾತ್ರ ಒತ್ತಬೇಡಿ.

• ಕಳಿಸಿದವರ ಹೆಸರನ್ನಷ್ಟೇ ನಂಬಬೇಡಿ. ಪೂರ್ತಿ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ.

• ಖಾತೆ ಬದಲಾಗಿದೆ ಎಂದರೆ ಪತ್ರದಲ್ಲಿರುವ ಸಂಖ್ಯೆಗೆ ಕರೆ ಮಾಡಬೇಡಿ. ನಿಮ್ಮ ಹಳೆಯ ಡೈರಿಯಲ್ಲಿರುವ ಸಂಖ್ಯೆಗೇ ಮಾಡಿ.

• ಒಟಿಪಿ, ಪಾಸ್‌ವರ್ಡ್ ಯಾರಿಗೂ ಕೊಡಬೇಡಿ.

• ಹಣ ಹೋಗಿಬಿಟ್ಟರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಡಮಾಡದೆ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ದೂರು ನೀಡುವ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.